ಉಗುರು ಹೋಗುವಷ್ಟು ಸಂದು

ಇನಾಸಿಯೊ ಹೇಳಿದ್ದು ಇಷ್ಟೇ: ಎಂಜಿನ್ನಿನಲ್ಲಿ ಜೀವ ಇಲ್ಲ.
ಮುಂಬಯಿಯ ಯಾವುದೋ ಪಾರ್ಟಿಯಿಂದ ಕೊಂಡ ಜೆಟ್ ಬೋಟು,
ಮೂರು ಮಳೆಗಾಲ ಟಾರ್ಪಾಲಿನಡಿ ಮಲಗಿದ್ದದ್ದು.
ನಾಲ್ಕು ದಿನ ಹೇಗೋ ಓಡಿತಂತೆ, ಐದನೆಯ ದಿನ ಮುನಿಸು.
ಮೀಟರಿನಲ್ಲಿ ನೂರಾ ಹನ್ನೊಂದು ತಾಸು.
ಸ್ಕ್ರೂಗಳ ತಲೆ ನೋಡಿದೆ, ಸವೆದು ಬಟ್ಟಲಾಗಿದ್ದವು.
ನೂರಾ ಹನ್ನೊಂದು ತಾಸಿಗೆ ಯಾರೂ ಇಷ್ಟು ಸಲ ಬಿಚ್ಚುವುದಿಲ್ಲ.
ಮೀಟರು ಸುಳ್ಳು ಹೇಳೀತು,
ಸ್ಕ್ರೂಗೆ ಅಷ್ಟು ಬುದ್ಧಿ ಇಲ್ಲ.

ಎರಡು ದಿನ ನಾನೂ ಎಂಜಿನ್ನನ್ನೇ ಅನುಮಾನಿಸಿದೆ.
ಪೆಟ್ರೋಲನ್ನು ಸೀಸೆಗೆ ಹಿಡಿದು ಬೆಳಕಿಗೆತ್ತಿದೆ,
ತಳದಲ್ಲಿ ನೀರು ಕೂತಿರಲಿಲ್ಲ.
ಫಿಲ್ಟರ್ ಹೊಸದು. ಪ್ಲಗ್ಗುಗಳ ಮೂತಿ
ಚಹಾದಲ್ಲಿ ಅದ್ದಿದ ಬಿಸ್ಕೀಟಿನ ಬಣ್ಣ, ಹೇಗಿರಬೇಕೋ ಹಾಗೆ.
ಕಂಪ್ರೆಶನ್ ಅಳೆದು ಬೀಡಿ ಕಟ್ಟಿನ ಕಾಗದದ ಮೇಲೆ ಬರೆದುಕೊಂಡೆ:
ನಾಲ್ಕು ಅಂಕಿ, ನಾಲ್ಕೂ ಹೆಗಲಿಗೆ ಹೆಗಲು.
‘ಕಿತೆಂ ಜಾಲೆಂ?’ ಎಂದು ದಿನಕ್ಕೆ ಮೂರು ಸಲ ಫೋನು.
ದೀಪಾವಳಿ ರಜಕ್ಕೆ ಗಿರಾಕಿಗಳ ಅಡ್ವಾನ್ಸ್ ತಿಂದು ಕೂತಿದ್ದಾನೆ,
ಹೆಂಡತಿಯ ಬಳೆ ಸೊಸೈಟಿಯ ಲಾಕರಿನಲ್ಲಿದೆ.

ಮೂರನೆಯ ದಿನ ಬೆತಿಂ ಧಕ್ಕೆಯಿಂದ ಮಾಂಡವಿಗೆ ಇಳಿಸಿದೆವು.
ಥ್ರಾಟಲ್ ಒತ್ತಿದೆ.
ಮುಳ್ಳು ಆರು ಸಾವಿರಕ್ಕೆ ಹಾರಿತು, ಕೂಗು ಪಣಜಿಯ ದಡಕ್ಕೆ ಮುಟ್ಟಿತು,
ಬೋಟು ಮಾತ್ರ
ಕೆರೆಯಲ್ಲಿ ಕೂತ ಎಮ್ಮೆ.
ಒಂದು ಲೋಡು ಸ್ಕೂಟರು ಹೊತ್ತ ಫೆರ್ರಿ
ನಮ್ಮನ್ನು ದಾಟಿ ಹೋಯಿತು. ಯಾರೋ ಕೈ ಬೀಸಿದರು.

ಆಗ ಹೊಳೆಯಿತು. ಹೊಳೆಯಿತೇನು, ಕೈಗೆ ನೆನಪಾಯಿತು:
ನಾನು ಮುಧೋಳದಲ್ಲಿ ಹದಿನಾಲ್ಕು ವರ್ಷ ಪಂಪ್‌ಸೆಟ್ ಬಿಚ್ಚಿದವ.
ಮೋಟರು ಗುಂಯ್ ಅಂದು ಪೈಪು ಒಣಗಿ ನಿಂತರೆ
ಕಬ್ಬಿನ ಹೊಲದ ಬದುವಿನಲ್ಲಿದ್ದ ಪೋರನೂ ಹೇಳುತ್ತಿದ್ದ,
‘ಯಣ್ಣಾ, ಏರ್ ಹಿಡದೈತಿ.’
ಇದೂ ಅದೇ ತಾನೆ?
ಹೊಟ್ಟೆಯಡಿಯಿಂದ ನೀರೆಳೆದು ಹಿಂದಕ್ಕೆ ಉಗುಳುವ ಪಂಪು.
ಹೊಲವಿಲ್ಲದ ಪಂಪು,
ತನ್ನನ್ನು ತಾನು ತಳ್ಳಿಕೊಳ್ಳುವುದೇ ಅದರ ಬೆಳೆ.

ಮತ್ತೆ ದಡ. ಮತ್ತೆ ಬೆನ್ನ ಮೇಲೆ ಮಲಗಿದೆ,
ಅಂಗಿಯೊಳಗೆ ಮರಳು.
ಜಾಲರಿಯಾಚೆ ಬೆರಳು ತೂರಿಸಿದರೆ ನೈಲಾನ್ ದಾರ,
ಶಾಫ್ಟಿಗೆ ಸುತ್ತಿ ಸುತ್ತಿ, ಬಿಸಿಗೆ ಕರಗಿ,
ಪಾಕ ಏರಿದ ಬೆಲ್ಲದ ಹಾಗೆ ಗಟ್ಟಿಯಾದದ್ದು.
ಹ್ಯಾಕ್ಸಾ ತುಂಡಿನಲ್ಲಿ ಒಂದೂವರೆ ತಾಸು ಕೊರೆದೆ.
ಎರಡು ಸೀಸದ ಗುಂಡು ಎದೆಯ ಮೇಲೆ ಬಿದ್ದವು,
ಒಂದು ಗಂಟು ಕರಗದೆ ಉಳಿದಿತ್ತು.
ಇಂಪೆಲ್ಲರಿನ ಅಂಚು ಇಲಿ ತಿಂದ ರೊಟ್ಟಿ.
ಅದಕ್ಕೂ ಸುತ್ತಲಿನ ಉಂಗುರಕ್ಕೂ ನಡುವೆ
ಫೀಲರ್ ಗೇಜಿನ ಎಲೆ ಒಂದಲ್ಲ, ಮೂರು ಒಟ್ಟಿಗೆ ಹೋದವು,
ಆಮೇಲೆ ನನ್ನ ಉಗುರೂ ಹೋಯಿತು.
ಇಷ್ಟೇ ಸಂದು.
ನೂರೈವತ್ತು ಕುದುರೆ
ಸದ್ದು ಮಾಡುತ್ತ ಇದರಲ್ಲೇ ನುಸುಳಿಕೊಳ್ಳುತ್ತಿದ್ದವು.

ಸಂಜೆ ಆ ಗಂಟನ್ನು ಶೆಡ್ಡಿನ ಮೊಳೆಗೆ ನೇತುಹಾಕಿದ್ದೆ.
ಚಹಾಕ್ಕೆ ಬಂದ ಮುದುಕ ರುಜಾರ್ ಅದನ್ನು ತಿರುಗಿಸಿ ನೋಡಿದ,
ಕನ್ನಡಕ ಏರಿಸಿ ಮತ್ತೆ ನೋಡಿದ.
‘ಇದು ನನ್ನದು.’
ಎಡಗೈಯವನು ಅವನು; ಎಡಕ್ಕೆ ಬಿಗಿದು ಬಲಕ್ಕೆ ಮುಗಿಸುವ ಗಂಟು
ಈ ದಡದಲ್ಲಿ ಬೇರೆ ಯಾರದೂ ಇಲ್ಲ.
ಅಮಾವಾಸ್ಯೆಯ ರಾತ್ರಿ ಬಿಟ್ಟ ಬಲೆ, ಬೆಳಿಗ್ಗೆ ಅರ್ಧವೇ ಸಿಕ್ಕಿದ್ದು.
ಮೊಸಳೆ ಅಂದುಕೊಂಡಿದ್ದನಂತೆ.
ನಾನು ಬೋಟಿನ ಕಡೆ ನೋಡಲಿಲ್ಲ.
ಅವನು ನೋಡಿದ.

‘ಇನಾಸಿಯೊಗೆ ಹೇಳಲಾ?’
‘ಮೊದಲು ಓಡಲಿ’ ಅಂದ, ‘ನಿಂತ ಬೋಟಿನವನ ಹತ್ತಿರ ಏನು ಕೇಳೋದು?’
ಸೀಸದ ಗುಂಡುಗಳನ್ನು ಜೇಬಿಗೆ ಹಾಕಿಕೊಂಡ,
ಗಂಟನ್ನು ಮೊಳೆಗೇ ಬಿಟ್ಟ.

ಹೊಸ ಉಂಗುರ ಪುಣೆಯಿಂದ ಬರಬೇಕು, ಗುರುವಾರ ಅಂತಾರೆ.
ಬಿಲ್ಲು ಬರೆಯುತ್ತ ಕೂತಿದ್ದೇನೆ:
ಉಂಗುರ, ಇಂಪೆಲ್ಲರ್ ತಿದ್ದಿದ್ದು, ನನ್ನ ಕೂಲಿ.
ಕೆಳಗೆ ಒಂದು ಸಾಲು
ಖಾಲಿ ಬಿಟ್ಟಿದ್ದೇನೆ.